ಫೋಟೋ ಜೊತೆ ಎರಡು ಸಾಲು ಟೈಪ್ ಮಾಡಿ

ಹೋದ ಮಳೆಗಾಲದಲ್ಲಿ ನಮ್ಮ ಕಡೆಯ ಒಬ್ಬ ಹಳೇ ಬಸ್ ಕಂಡಕ್ಟರ್ ತೀರಿಹೋದ್ರು. ಮಡಿಕೇರಿ, ಮೂರ್ನಾಡು, ವಿರಾಜಪೇಟೆ ರೂಟಿನ ಪ್ರೈವೇಟ್ ಬಸ್ಸಲ್ಲಿ ವರ್ಷಗಟ್ಟಲೆ ಇದ್ದವರು, ಆಮೇಲೆ ಮಂಡಿನೋವು ಅಂತ ಕೆಲಸ ಬಿಟ್ಟು ಮನೆಯಲ್ಲೇ ಇದ್ರು. ನನಗೆ ಕಣ್ಣು ಕಾಣಲ್ಲ, ಹಾಗಾಗಿ ಕಂಡಕ್ಟರ್ ಎಂಥವರು ಅನ್ನೋದರ ಮೇಲೆ ನನ್ನ ಅರ್ಧ ದಿನ ನಿಂತಿರುತ್ತೆ. ಇವರು ಒಂದೊಂದು ಸ್ಟಾಪ್ ಬರೋ ಮೊದಲೇ ಅದರ ಹೆಸರನ್ನ ಹಿಂದಿನ ಸೀಟಿನವರಿಗೂ ಕೇಳೋ ಹಾಗೆ ಕೂಗೋರು, ನನಗೋಸ್ಕರ ಅಂತ ಅಲ್ಲ, ಅವರ ಪದ್ಧತಿಯೇ ಅದು, ಅದಕ್ಕೇ ನನಗೆ ಅವರು ಅಷ್ಟು ಇಷ್ಟ. ಯಾರನ್ನೂ ಏನೂ ಕೇಳದೆ ಇಳಿದು ಹೋಗಬಹುದಿತ್ತು.

ಅವರ ಸಾವಿನ ಸುದ್ದಿ ನಾನಿರೋ ವಾಟ್ಸಾಪ್ ಗ್ರೂಪ್‌ಗಳಲ್ಲೆಲ್ಲ ಬಂದಿತ್ತಂತೆ. ಮೆಸೇಜುಗಳನ್ನ ದನಿಯಲ್ಲಿ ಓದಿ ಹೇಳೋ ನನ್ನ ಫೋನು ಪ್ರತಿ ಗ್ರೂಪಲ್ಲೂ "ಫೋಟೋ" ಅಂತ ಹೇಳಿ ಮುಂದಿನ ಮೆಸೇಜಿಗೆ ಹೋಯ್ತು. ಕೆಳಗೆ ಕೈಮುಗಿಯೋ ಎಮೋಜಿಗಳು ಸಾಲಾಗಿ ಬಂದಿದ್ವು, ಅದನ್ನೂ ಓದಿ ಹೇಳ್ತು. ಆದ್ರೆ ಬೆಳಗ್ಗೆ ಬರೋ ಶುಭೋದಯದ ಹೂವಿನ ಫೋಟೋಗೂ ಕೈಮುಗೀತಾರೆ, ಕಾವೇರಿ ಸಂಕ್ರಮಣದ ಶುಭಾಶಯಕ್ಕೂ ಕೈಮುಗೀತಾರೆ, ದೇವಸ್ಥಾನದ ಫೋಟೋಗೂ ಕೈಮುಗೀತಾರೆ, ಅದರಿಂದ ಯಾರು ಹುಟ್ಟಿದ್ರು ಯಾರು ಹೋದ್ರು ಅಂತ ಏನು ತಿಳಿಯುತ್ತೆ. ಮಣ್ಣು ಆದ ಮಾರನೇ ದಿನ ಬಸ್ ಹತ್ತಿದಾಗ ಡ್ರೈವರ್ ಹೇಳಿದ್ರು, "ಮೇಷ್ಟ್ರೇ, ನಿನ್ನೆ ನಮ್ಮ ಬಸ್ಸಿನವರೆಲ್ಲ ಹೋಗಿದ್ವಿ. ನಿಮಗೆ ಬರ್ಲಿಕ್ಕೆ ಕಷ್ಟ ಅಂತ ಗೊತ್ತು, ಬಿಡಿ."

ಆ "ಕಷ್ಟ ಅಂತ ಗೊತ್ತು, ಬಿಡಿ" ಅನ್ನೋದು ನನ್ನ ತಲೇಲಿ ಇನ್ನೂ ಕೂತಿದೆ. ಅವರು ಪ್ರೀತಿಯಿಂದಲೇ ಹೇಳಿದ್ದು, ನನಗೆ ಅದರಲ್ಲಿ ಅನುಮಾನ ಇಲ್ಲ. ಆದ್ರೆ ಅದರ ಅರ್ಥ ನಾನು ಬರಲಿಲ್ಲ ಅಂತ ಯಾರಿಗೂ ಆಶ್ಚರ್ಯ ಆಗ್ಲಿಲ್ಲ ಅಂತ. ನಾನು ನಿತ್ಯ ಮಡಿಕೇರಿಗೆ ಹೋಗಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ಪಾಠ ಮಾಡಿ ಬರೋನು, ಒಂದೂವರೆ ಮೈಲಿ ದೂರದ ಸಾವಿನ ಮನೆಗೆ ಹೋಗೋದು ನನಗೆ ಕಷ್ಟ ಆಗ್ತಿರ್ಲಿಲ್ಲ. ಸುದ್ದಿ ಗೊತ್ತಾಗಿದ್ರೆ ಸಾಕಿತ್ತು.

ಎರಡನೇ ಸುತ್ತಿನ ಜನ

ಇದನ್ನ ಯೋಚನೆ ಮಾಡ್ತಾ ಮಾಡ್ತಾ ಒಂದು ವಿಷಯ ಹೊಳೀತು. ತೀರಾ ಹತ್ತಿರದವರು ಹೋದ್ರೆ ನನಗೆ ಫೋನ್ ಬರುತ್ತೆ. ದೊಡ್ಡಪ್ಪ, ಚಿಕ್ಕಮ್ಮ, ಬಾವ, ಇವರ ಯಾರ ಮನೆಯಲ್ಲಿ ಏನಾದ್ರೂ ಹತ್ತು ಜನ ಫೋನ್ ಮಾಡ್ತಾರೆ. ಆದ್ರೆ ಊರು ಅಂದ್ರೆ ಬರೀ ನೆಂಟರಲ್ಲ. ಬಟ್ಟೆ ಹೊಲಿಯೋರು, ರೇಷನ್ ಅಂಗಡಿಯವರು, ಜೊತೆಗೆ ಕೆಲಸ ಮಾಡಿ ರಿಟೈರ್ ಆದವರು, ಅವರ ಅಮ್ಮ, ಹಳೇ ಸ್ಟೂಡೆಂಟಿನ ಅಪ್ಪ, ಬಸ್ ಕಂಡಕ್ಟರ್, ಇಂಥವರದ್ದೇ ಒಂದು ಎರಡನೇ ಸುತ್ತು ಉಂಟಲ್ವಾ, ಇವರ ಮನೆಯ ಸುದ್ದಿಯನ್ನ ಯಾರೂ ಯಾರಿಗೂ ಫೋನ್ ಮಾಡಿ ಹೇಳಲ್ಲ, ಅದು ಹೇಗೋ ಎಲ್ಲರಿಗೂ ಗೊತ್ತಾಗಿರುತ್ತೆ, ಗೊತ್ತಾದವರು ಒಂದು ಗಳಿಗೆ ಹೋಗಿ ನಿಂತು ಬರ್ತಾರೆ. ಕೊಡಗಲ್ಲಿ ಮದುವೆಗೆ ಹೋಗದಿದ್ರೂ ಸಾವಿಗೆ ಹೋಗಬೇಕು ಅನ್ನೋದನ್ನ ನಾನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆ ಎರಡನೇ ಸುತ್ತಿನ ಸುದ್ದಿ ಪೂರ್ತಿ ಈಗ ಫೋಟೋ ಆಗಿಬಿಟ್ಟಿದೆ. ಕಪ್ಪು ಬಾರ್ಡರು, ನಡುವೆ ಸತ್ತವರ ಚಿತ್ರ, ಮೂಲೆಯಲ್ಲಿ ಉರಿಯೋ ದೀಪ, ಕೆಳಗೆ ಡಿಸೈನ್ ಅಕ್ಷರದಲ್ಲಿ ಹೆಸರು, ಮನೆ, ಸಮಯ, ಹೀಗಿರುತ್ತೆ ಅಂತ ನನ್ನ ಹೆಂಡತಿ ವಿವರಿಸಿದ್ಲು. ನಾನು ಮತ್ತು ನನ್ನಂಥವರು ಹೊರಗುಳಿಯೋದು ಅಲ್ಲಿಂದಲೇ. ಮೊದಲನೇ ಸುತ್ತು ನಮ್ಮನ್ನ ಯಾವತ್ತೂ ಬಿಟ್ಟಿಲ್ಲ, ಎರಡನೆಯದು ಸದ್ದಿಲ್ಲದೆ ಕೈತಪ್ಪಿ ಹೋಗ್ತಿದೆ.

ಮೊದಲು ಹೀಗಿರ್ಲಿಲ್ಲ. ನಮ್ಮದು ಅರೆಭಾಷೆ ಗೌಡರ ಮನೆ, ಗದ್ದೆಯ ಆಚೆ ಬದಿಯಲ್ಲಿ ಒಂದು ಕೊಡವರ ಐನ್‌ಮನೆ, ಅಂದ್ರೆ ಕುಟುಂಬದ ಮೂಲ ಮನೆ. ನಾನು ಚಿಕ್ಕವನಿದ್ದಾಗ ಒಂದು ಬೆಳಗ್ಗೆ, ಇನ್ನೂ ಹಾಸಿಗೆಯಲ್ಲೇ ಇದ್ದೆ, ಆ ಕಡೆಯಿಂದ ಕೋವಿಯ ಎರಡು ಗುಂಡು ಒಂದರ ಹಿಂದೊಂದು ಕೇಳಿಸ್ತು. ಅಡುಗೆ ಮನೇಲಿ ಅಕ್ಕಿ ರೊಟ್ಟಿ ತಟ್ಟೋ ಸದ್ದು ಅಲ್ಲಿಗೇ ನಿಂತ್ಹೋಯ್ತು. ಅಜ್ಜಿ ಹೊರಗೆ ಬಂದು ಯಾವ ಕಡೆಯಿಂದ ಬಂತು ಅಂತ ಅಪ್ಪನನ್ನ ಕೇಳ್ತಿದ್ರು, ಅಪ್ಪ ಒಂದು ದಿಕ್ಕು ಹೇಳಿದ್ರು, ನಾನು ಹಾಸಿಗೆಯಿಂದಲೇ ಅಲ್ಲ ಅದು ಐನ್‌ಮನೆ ಕಡೆಯಿಂದ ಅಂದೆ. ಆ ವಿಷಯದಲ್ಲಿ ನನ್ನ ಕಿವಿಯನ್ನ ಮನೇಲಿ ಎಲ್ಲರೂ ನಂಬೋರು. ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು, ಇದು ಇಲ್ಲಿ ಪುಟ್ಟ ಮಕ್ಕಳಿಗೂ ಗೊತ್ತಿರೋ ಲೆಕ್ಕ. ಯಾರು ಏನು ಅನ್ನೋದು ಆಮೇಲೆ ಗದ್ದೆ ಬದುವಿನ ಮೇಲೆ ಒಬ್ಬರು ನಡ್ಕೊಂಡು ಬಂದು ಹೇಳಿದ್ರು. ಅವತ್ತು ಅಪ್ಪನ ಕೈ ಹಿಡ್ಕೊಂಡು ನಾನೂ ಹೋದೆ. ಆ ಮನೆಯ ಜಗಲಿಯ ಕಂಬ ಮುಟ್ಟಿದ್ದು, ಒಳಗೆ ಹೆಂಗಸರು ಅಳ್ತಿದ್ದದ್ದು, ಒಬ್ಬರು ನನ್ನ ತಲೆ ಮೇಲೆ ಕೈಯಿಟ್ಟು "ನೀನೂ ಬಂದ್ಯಾ ಮೋನೆ" ಅಂದಿದ್ದು ಎಲ್ಲ ನೆನಪಿದೆ.

ಹಳೇ ಕಾಲವೇ ಚೆನ್ನಾಗಿತ್ತು ಅಂತ ಹೇಳ್ತಿಲ್ಲ ನಾನು. ಆ ಕಾಲದಲ್ಲಿ ಕಣ್ಣಿಲ್ಲದ ಹುಡುಗ ಮೇಷ್ಟ್ರಾಗ್ತಾನೆ ಅಂತ ನಮ್ಮೂರಲ್ಲಿ ಯಾರೂ ಅಂದ್ಕೊಂಡಿರ್ಲಿಲ್ಲ. ಸುದ್ದಿಯ ವಿಷಯ ಒಂದನ್ನೇ ಹೇಳ್ತಿದೀನಿ, ಅದು ಕಿವಿಗೆ ಬರ್ತಿತ್ತು. ಕೋವಿ, ದುಡಿ ಬಾರಿಸ್ಕೊಂಡು ಹಾಡೋ ದುಡಿಕೊಟ್ಟ್ ಪಾಟ್, ಚರ್ಚಿನ ಗಂಟೆ, ಪೇಟೆಯಲ್ಲಿ ಜೀಪಿಗೆ ಮೈಕ್ ಕಟ್ಟಿ ಕೂಗ್ಕೊಂಡು ಹೋಗೋದು, ಆಕಾಶವಾಣಿ ಮಡಿಕೇರಿ, ಎಲ್ಲವೂ. ಪೇಪರ್ ಒಂದನ್ನ ಮಾತ್ರ ಯಾರಾದ್ರೂ ಓದಿ ಹೇಳಬೇಕಿತ್ತು, ನಮ್ಮ ಮನೇಲಿ 'ಶಕ್ತಿ' ಪೇಪರನ್ನ ಅಪ್ಪ ಗಟ್ಟಿಯಾಗಿ ಓದೋರು, ನಿಧನ ಸುದ್ದಿಯ ಕಾಲಂ ಮೊದಲು.

ಫೋನಿಗೆ ಓದೋಕೆ ಬರುತ್ತೆ

ಜನ ಇದನ್ನ ಕೇಳಿದ ತಕ್ಷಣ ಹೇಳೋದು "ಅದಕ್ಕೊಂದು ಆ್ಯಪ್ ಇರಬೇಕಲ್ಲ ಸರ್" ಅಂತ. ಆ್ಯಪ್ ಉಂಟು, ಬೇಕಾದಷ್ಟುಂಟು. ನಾನು ಬೆಳೆದ ಕಾಲಕ್ಕೂ ಈಗಿಗೂ ಎಷ್ಟು ವ್ಯತ್ಯಾಸ ಆಗಿದೆ ಅಂತ ಕಣ್ಣು ಕಾಣೋರಿಗೆ ಪೂರ್ತಿ ಅಂದಾಜಾಗಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೈಸೂರಲ್ಲಿ ಹಾಸ್ಟೆಲಲ್ಲಿದ್ದು ಓದುವಾಗ ನನ್ನದೆಲ್ಲ ಬ್ರೈಲ್. ಆರು ಚುಕ್ಕಿ, ಅದರಲ್ಲೇ ಎಲ್ಲಾ ಅಕ್ಷರ. ಭಾರತದ ಭಾಷೆಗಳಿಗೆಲ್ಲ ಹೊಂದೋ ಹಾಗೆ ಭಾರತಿ ಬ್ರೈಲ್ ಅಂತ ಒಂದು ಪದ್ಧತಿಯನ್ನ 1951ರಲ್ಲಿ ಒಪ್ಪಿಕೊಂಡ್ರು, ಅದರಲ್ಲಿ ಅ ಅಂದ್ರೆ ಒಂದೇ ಚುಕ್ಕಿ, ಕ ಅಂದ್ರೆ ಒಂದು ಮತ್ತು ಮೂರನೇ ಚುಕ್ಕಿ. ಸ್ಲೇಟಿಗೆ ದಪ್ಪ ಕಾಗದ ಸಿಕ್ಕಿಸಿ ಸ್ಟೈಲಸ್ಸಲ್ಲಿ ಬಲಗಡೆಯಿಂದ ಎಡಗಡೆಗೆ ಚುಚ್ಕೊಂಡು ಹೋಗೋದು, ತಿರುಗಿಸಿದ್ರೆ ಎಡದಿಂದ ಬಲಕ್ಕೆ ಓದಬಹುದು. ಒಂದು ಪಾಠಪುಸ್ತಕ ಬ್ರೈಲಲ್ಲಿ ಹಲವು ದಪ್ಪ ದಪ್ಪ ಸಂಪುಟ ಆಗುತ್ತೆ, ರಜೆಗೆ ಊರಿಗೆ ಬರುವಾಗ ಎಲ್ಲವನ್ನೂ ತರಕ್ಕಾಗಲ್ಲ, ಯಾವುದೋ ಒಂದನ್ನ ಆರಿಸ್ಕೊಂಡು ಬಟ್ಟೆ ನಡುವೆ ಇಟ್ಟು ಬಸ್ಸಲ್ಲಿ ತೊಡೆ ಮೇಲೆ ಹಿಡ್ಕೊಂಡು ಬರ್ತಿದ್ದೆ. ಒಂದು ಸಲ ಹಾಗೆ ತಂದ ಇತಿಹಾಸದ ಸಂಪುಟವನ್ನ ಹುಷಾರಿಲ್ಲದೆ ಮನೇಲೇ ಉಳಿದಿದ್ದರಿಂದ ಮಳೆಗಾಲದಲ್ಲೂ ಇಟ್ಕೊಳ್ಳಬೇಕಾಯ್ತು. ಕೊಡಗಿನ ಜೂನ್, ಜುಲೈ ಗೊತ್ತಲ್ಲ, ಗೋಡೆ ಬೆವರುತ್ತೆ, ಚಪ್ಪಲಿಗೆ ಬೂಷ್ಟು ಬರುತ್ತೆ. ಕಾಗದ ತೇವ ಹೀರಿ ಮೆತ್ತಗಾಯ್ತು, ಬೆರಳಿಟ್ಟಲ್ಲಿ ಚುಕ್ಕಿ ತಗ್ಗಿಹೋಗ್ತಿತ್ತು, ಓದಿದಷ್ಟೂ ಪುಟ ಅಳಿಸ್ತಾ ಬಂತು. ಅಮ್ಮ ಅದನ್ನ ಒಲೆ ಮೇಲಿನ ಅಟ್ಟದಲ್ಲಿ ಒಣಗೋಕಿಟ್ರು. ಹೊಗೆ ವಾಸನೆ ಬಂತು, ಕಾಗದ ಒಣಗ್ತು, ಆದ್ರೆ ತಗ್ಗಿದ ಚುಕ್ಕಿ ಮತ್ತೆ ಏಳ್ಲಿಲ್ಲ. ವಿಜಯನಗರದ ಪಾಠ ನಡುವಿಗೇ ನಿಂತ್ಹೋಯ್ತು.

ಅಲ್ಲಿಂದ ಇಲ್ಲಿಗೆ ನೋಡಿ. ಈಗ ನನ್ನ ಫೋನಲ್ಲಿ ಟಾಕ್‌ಬ್ಯಾಕ್ ಇದೆ, ಬೆರಳು ಸರಿಸಿದಲ್ಲಿ ಏನಿದೆ ಅಂತ ಹೇಳುತ್ತೆ, ಎರಡು ಸಲ ತಟ್ಟಿದ್ರೆ ತೆರೆಯುತ್ತೆ. ಕನ್ನಡದ ದನಿ ಫೋನಲ್ಲೇ ಬರುತ್ತೆ, ದುಡ್ಡು ಕೊಡಬೇಕಿಲ್ಲ. ಲ್ಯಾಪ್‌ಟಾಪಲ್ಲಿ ಎನ್‌ವಿಡಿಎ, ತೆರೆ ಮೇಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್, ಆಸ್ಟ್ರೇಲಿಯಾದ ಒಬ್ಬ ಅಂಧ ಯುವಕ, ಮೈಕಲ್ ಕರ್ರನ್, 2006ರಲ್ಲಿ ಶುರುಮಾಡಿದ್ದು. ದುಬಾರಿ ಸಾಫ್ಟ್‌ವೇರ್ ಕೊಳ್ಳಕ್ಕಾಗದವರಿಗೂ ಸಿಗಬೇಕು ಅಂತ ಅದನ್ನ ಫ್ರೀಯಾಗಿ ಬಿಟ್ರು, ಇವತ್ತಿಗೂ ಫ್ರೀ. ನನ್ನ ಸಂಬಳದ ಕೆಲಸ ಅದರ ಮೇಲೆ ನಿಂತಿದೆ, ಆ ಮನುಷ್ಯನಿಗೆ ನಾನು ಯಾವತ್ತೂ ಋಣಿ. ಪುಸ್ತಕದ ವಿಷಯದಲ್ಲೂ ಕಾನೂನು ನಮ್ಮ ಕಡೆ ಬಂದಾಗಿದೆ. 2012ರಲ್ಲಿ ನಮ್ಮ ಕಾಪಿರೈಟ್ ಕಾಯ್ದೆ ತಿದ್ದುಪಡಿ ಆದಮೇಲೆ ಕಣ್ಣು ಕಾಣದವರು ಓದೋ ಹಾಗೆ ಪುಸ್ತಕವನ್ನ ಬದಲಾಯಿಸಿಕೊಳ್ಳೋಕೆ ಪ್ರಕಾಶಕರ ಅನುಮತಿಗೆ ಕಾಯಬೇಕಿಲ್ಲ. 2013ರಲ್ಲಿ ಇಂಥ ಪುಸ್ತಕಗಳಿಗೇ ಅಂತ ದೇಶ ದೇಶಗಳ ನಡುವೆ ಮರಾಕೆಶ್ ಒಪ್ಪಂದ ಆಯ್ತು, 2014ರಲ್ಲಿ ಅದನ್ನ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದು ಭಾರತ. 2016ರಲ್ಲಿ ಸುಗಮ್ಯ ಪುಸ್ತಕಾಲಯ ಅಂತ ಆನ್‌ಲೈನ್ ಲೈಬ್ರರಿ ಶುರುವಾಯ್ತು. ಮಳೆಗೆ ಮೆತ್ತಗಾಗೋ ಸಂಪುಟ ಹಿಡ್ಕೊಂಡು ಕೂತಿದ್ದ ಹುಡುಗನಿಗೆ ಇದನ್ನೆಲ್ಲ ಯಾರಾದ್ರೂ ಹೇಳಿದ್ರೆ ನಂಬ್ತಿರ್ಲಿಲ್ಲ.

ಆದ್ರೆ ಇವೆಲ್ಲ ಓದೋದು ಅಕ್ಷರವನ್ನ. ಟೈಪ್ ಮಾಡಿದ ಅಕ್ಷರ. ಫೋಟೋದೊಳಗಿರೋ ಅಕ್ಷರ ಫೋನಿನ ಲೆಕ್ಕದಲ್ಲಿ ಅಕ್ಷರವೇ ಅಲ್ಲ, ಬರೀ ಬಣ್ಣದ ಚುಕ್ಕಿಗಳು. ಅದನ್ನ ಅಕ್ಷರಕ್ಕೆ ತಿರುಗಿಸೋ ಓಸಿಆರ್ ಬಂದಿದೆ, ಕನ್ನಡಕ್ಕೂ ಇದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಲಿಪಿ ಜ್ಞಾನಿ ಅಂತ ಒಂದನ್ನ ಮಾಡಿದಾರೆ, ಹಳಗನ್ನಡದ ಪುಟ, ಕನ್ನಡ ಲಿಪಿಯ ಸಂಸ್ಕೃತ ಶ್ಲೋಕ ಎಲ್ಲಾ ಇಟ್ಟು ಕಲಿಸಿದ್ದು. ಗೂಗಲ್ ಡ್ರೈವ್‌ಗೆ ಫೋಟೋ ಹಾಕಿ ಡಾಕ್ಸಲ್ಲಿ ತೆರೆದ್ರೂ ಅಕ್ಷರ ಸಿಗುತ್ತೆ. ಅಚ್ಚಾದ ಪುಸ್ತಕದ ನೆಟ್ಟಗಿನ ಪುಟ ಆದ್ರೆ ಬಹಳ ಚೆನ್ನಾಗಿ ಬರುತ್ತೆ. ಆದ್ರೆ ಸಾವಿನ ಫೋಟೋಗಳು ಪುಸ್ತಕದ ಪುಟದ ಹಾಗೆ ಇರಲ್ಲ. ಬಳ್ಳಿ ಸುತ್ತಿದ ಅಕ್ಷರ, ಹಿಂದೆ ಮೋಡದ ಚಿತ್ರ, ಹೆಸರು ಬಾಗಿಸಿ ಬರೆದಿರೋದು. ಮೇಲಿನ "ಓಂ ಶಾಂತಿ" ಸರಿಯಾಗಿ ಬರುತ್ತೆ, ಕೆಳಗಿನ ಮನೆ ಹೆಸರು ಕಲಸಿಹೋಗುತ್ತೆ. ಕೊಡಗಲ್ಲಿ ಒಂದೇ ಹೆಸರಿನವರು ಎಷ್ಟೋ ಜನ ಇರ್ತಾರೆ, ಮನೆ ಹೆಸರಿಲ್ಲದೆ ಯಾರು ಅಂತ ಹೇಗೆ ತಿಳಿಯೋದು. ಮತ್ತೆ ದಿನಕ್ಕೆ ಬರೋ ಫೋಟೋಗಳಲ್ಲಿ ಶುಭೋದಯ ಯಾವುದು, ಪ್ಲಾಟ್ ಮಾರಾಟ ಯಾವುದು, ಸಾವು ಯಾವುದು ಅಂತ ತಿಳಿಯೋಕೆ ಎಲ್ಲವನ್ನೂ ಒಂದೊಂದಾಗಿ ಹಾಕಿ ಹಾಕಿ ನೋಡಬೇಕು, ಕೆಲಸ ಇರೋ ಮನುಷ್ಯನಿಗೆ ಅದು ಆಗೋ ಮಾತಾ?

ಪಿ, ಎ ಗ್ರೇವ್, ಪೌಂಡ್

ಫೋಟೋ ಒಂದು ಕಡೆಯಾದ್ರೆ, ಇನ್ನೊಂದು ನಮೂನೆ ಉಂಟು, ನೋಡೋಕೆ ಅಕ್ಷರ, ಕೇಳೋಕೆ ಏನೂ ಅಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ನಂಬರ್ ಕೊಡೋ ಯೂನಿಕೋಡಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಆದ್ರೆ ಕಂಪ್ಯೂಟರಲ್ಲಿ ಕನ್ನಡ ಬಳಕೆಗೆ ಬಂದದ್ದು ಬೇರೆ ದಾರಿಯಲ್ಲಿ, ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟ್‌ಗಳಲ್ಲಿ. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳೆಲ್ಲ ಆ ಕಾಲದಲ್ಲಿ ಮಾಡಿದ ಉಪಕಾರ ದೊಡ್ಡದು, ಈಗ ಎರಡರಲ್ಲೂ ಯೂನಿಕೋಡೂ ಇದೆ. ಆದ್ರೆ ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಕೈ ಹಳೇ ಫಾಂಟಿಗೇ ಹೋಗುತ್ತೆ. ಅದರಲ್ಲಿ "ಕನ್ನಡ" ಅಂತ ಬರೆದ ಪಿಡಿಎಫ್ ನನಗೆ ಬಂದ್ರೆ ಲ್ಯಾಪ್‌ಟಾಪ್ ಓದೋದು "ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್, ಶಾರ್ಪ್ ಎಸ್, ಕ್ಯೂ, ಎ ಗ್ರೇವ್". ಮೂರಕ್ಷರದ ಪದಕ್ಕೆ ಇಷ್ಟು. ಎರಡು ಪುಟದ ಸುತ್ತೋಲೆ ಅಂದ್ರೆ ಯೋಚನೆ ಮಾಡಿ.

ಮಡಿಕೇರಿಯಲ್ಲಿ ಒಂದು ಟೈಪಿಂಗ್ ಅಂಗಡಿ, ನಮ್ಮ ಸಂಘದ ಮಹಾಸಭೆಯ ನೋಟಿಸು ವರದಿ ಎಲ್ಲ ಅಲ್ಲೇ ಆಗೋದು. ಒಂದು ಸಾಯಂಕಾಲ ಸ್ಕೂಲ್ ಬಿಟ್ಟು ಅಲ್ಲಿಗೆ ಹೋದೆ. ಕೆಲಸ ಮಾಡ್ತಿದ್ದ ಹುಡುಗನಿಗೆ ಇದನ್ನ ಯೂನಿಕೋಡಲ್ಲಿ ಮಾಡಿಕೊಡ್ತೀಯಾ ಅಂದೆ. "ಸರ್, ಇದು ಚೆನ್ನಾಗೇ ಕಾಣ್ತದಲ್ಲ, ಪ್ರಿಂಟೂ ಸರಿಯಾಗಿ ಬರ್ತದೆ" ಅಂದ. ನಾನು ವಾದ ಮಾಡ್ಲಿಲ್ಲ, ಬ್ಯಾಗಿಂದ ಲ್ಯಾಪ್‌ಟಾಪ್ ತೆಗೆದು ಅವನು ಕಳಿಸಿದ್ದ ಹೋದ ವರ್ಷದ ವರದಿಯನ್ನೇ ಓದಿಸ್ದೆ. ಅಂಗಡೀಲಿ ಜೆರಾಕ್ಸಿಗೆ ಬಂದವರು ಇಬ್ಬರು ಮೂವರಿದ್ರು, ಎಲ್ಲರೂ ಸುಮ್ಮನಾದ್ರು. ಎ ಗ್ರೇವ್, ಪೌಂಡ್, ಎ ಗ್ರೇವ್ ಅಂತ ಅದು ಹೋಗ್ತಾನೇ ಇತ್ತು. ಹುಡುಗ ಕೇಳ್ದ, "ಇದು ನಾನು ಟೈಪ್ ಮಾಡಿದ್ದಾ ಸರ್?" ಹೌದು ಅಂದೆ. "ನಿಮಗೆ ಇಷ್ಟು ವರ್ಷ ಹೀಗೇ ಕೇಳ್ತಿದ್ದದ್ದಾ?" ಅದಕ್ಕೂ ಹೌದು ಅಂದೆ. ಅವನ ದನಿ ಬೇರೆಯಾಗಿತ್ತು. ಅಲ್ಲೇ ಕೂತು ಕನ್ವರ್ಟರಲ್ಲಿ ಹಾಕಿ, ಒತ್ತಕ್ಷರ ಕೆಟ್ಟಲ್ಲೆಲ್ಲ ಕೈಯಲ್ಲಿ ತಿದ್ದಿ, ಪೂರ್ತಿ ವರದಿಯನ್ನ ಮತ್ತೆ ಮಾಡಿಕೊಟ್ಟ. ದುಡ್ಡು ತಗೊಳ್ಳಿಲ್ಲ. ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ನಮ್ಮ ಸಂಘದ ಜಮಾ ಖರ್ಚನ್ನ ನಾನೇ ಓದ್ಕೊಂಡು ಬಂದೆ, ಯಾರ ಹತ್ರವೂ ಓದಿಸದೆ. ಲೆಕ್ಕಪತ್ರ ಓದಿ ಅಷ್ಟು ಸಂತೋಷ ಆಗಬಹುದು ಅಂತ ಕಣ್ಣು ಕಾಣೋರಿಗೆ ಅನ್ನಿಸ್ಲಿಕ್ಕಿಲ್ಲ.

ಆ ಹುಡುಗ ಈಗ ಅಲ್ಲಿಲ್ಲ, ಬೆಂಗಳೂರಿಗೆ ಹೋದ. ಹೊಸಬ ಬಂದಿದಾನೆ, ಮತ್ತೆ ಹಳೇ ಫಾಂಟು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ, ಅದರ 42ನೇ ಸೆಕ್ಷನ್ ಮಾಹಿತಿಯೆಲ್ಲ ನಮಗೆ ಓದೋಕಾಗೋ ರೂಪದಲ್ಲಿರೋ ಹಾಗೆ ಸರ್ಕಾರ ನೋಡಿಕೊಳ್ಳಬೇಕು ಅನ್ನುತ್ತೆ. ಕಚೇರಿಯ ಸುತ್ತೋಲೆಗೆ ಅದನ್ನ ತೋರಿಸಿ ಕೇಳಬಹುದು, ಕೇಳಿದೀನಿ, ಕೇಳ್ತಾನೂ ಇರ್ತೀನಿ. ಊರಿನ ಗ್ರೂಪಿಗೆ, ಟೈಪಿಂಗ್ ಅಂಗಡಿಗೆ ಸೆಕ್ಷನ್ ತೋರಿಸೋದಲ್ಲ, ಅಲ್ಲಿ ಮಾತಾಡಿಯೇ ಆಗಬೇಕು.

ಮಳೆಗಾಲದ ನೆಟ್‌ವರ್ಕು

ಇದು ಬರೀ ನನ್ನಂಥವರ ವಿಷಯ ಅಂದ್ಕೊಂಡವರಿಗೆ ನಾನು ಹೇಳೋದು ನಮ್ಮ ಮಳೆಗಾಲದ ಕತೆ. ಮರ ಬಿದ್ದು ಕರೆಂಟು ಹೋದ್ರೆ ದಿನಗಟ್ಟಲೆ ಇಲ್ಲ, ಟವರಿನ ಬ್ಯಾಟರಿ ಮುಗಿದ್ರೆ ನೆಟ್‌ವರ್ಕೂ ಇಲ್ಲ, ಇದ್ರೂ ತೋಟದ ಮೇಲಿನ ಒಂದು ಬಂಡೆ ಹತ್ರ ಹೋದ್ರೆ ಒಂದು ಕಡ್ಡಿ. ಆ ಒಂದು ಕಡ್ಡೀಲಿ ಟೈಪ್ ಮಾಡಿದ ಮೆಸೇಜು ಬಂದುಬಿಡುತ್ತೆ. ಫೋಟೋ ಸುತ್ತುತ್ತಾ ಇರುತ್ತೆ. ನನ್ನ ಫೋನಿನ ಕನ್ನಡ ದನಿ ಇಂಟರ್‌ನೆಟ್ ಇಲ್ಲದೆಯೂ ಓದುತ್ತೆ, ಡ್ರೈವಿಗೆ ಹಾಕಿ ಅಕ್ಷರ ತೆಗೆಯೋಕೆ ಮಾತ್ರ ನೆಟ್ ಬೇಕೇ ಬೇಕು.

2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆಯೆಲ್ಲ ಗುಡ್ಡ ಕುಸಿದು, ಮಡಿಕೇರಿಯಿಂದ ಸಂಪಾಜೆ ಕಡೆಯ ರಸ್ತೆ ಬಂದ್ ಆಗಿ, ಯಾರು ಎಲ್ಲಿದಾರೆ ಅಂತ ಗೊತ್ತಿಲ್ಲದ ದಿನಗಳಲ್ಲಿ ನಾನು ಫೋನ್ ಕಿವಿಗಿಟ್ಕೊಂಡೇ ಕೂತಿದ್ದೆ. ಆ ಕಡೆ ನಮ್ಮ ನೆಂಟರಿದ್ರು. ಯಾವ ರಸ್ತೆ ತೆರೆದಿದೆ, ಯಾವ ಕಲ್ಯಾಣ ಮಂಟಪದಲ್ಲಿ ಪರಿಹಾರ ಕೇಂದ್ರ, ಅಲ್ಲಿ ಯಾರ್ಯಾರಿದಾರೆ, ಇವೆಲ್ಲ ಕೈಯಲ್ಲಿ ಬರೆದ ಪಟ್ಟಿಯ ಫೋಟೋಗಳಾಗಿ ಬರ್ತಿದ್ವು. ಕಣ್ಣು ಕಾಣೋರಿಗೂ ಅವು ಡೌನ್‌ಲೋಡ್ ಆಗ್ತಿರ್ಲಿಲ್ಲ. ಕೊನೆಗೆ ನಮ್ಮ ಅತ್ತಿಗೆಯ ತಮ್ಮ ಸಾದಾ ಎಸ್ಸೆಮ್ಮೆಸ್ಸಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ಕಳಿಸ್ದ, ಎಲ್ಲರೂ ಮಡಿಕೇರಿಗೆ ಬಂದಿದೀವಿ ಅಂತ. ನನ್ನ ಫೋನು ಅದನ್ನ ಇಂಗ್ಲಿಷ್ ದನಿಯಲ್ಲಿ ಎಡವಿ ಎಡವಿ ಓದ್ತು, ನಾನು ಅದನ್ನೇ ಮತ್ತೆ ಮತ್ತೆ ಓದಿಸ್ದೆ.

ಜನಕ್ಕೆ ಗೊತ್ತಿಲ್ಲ ಅಂತಲ್ಲ. ಸಿದ್ದಾಪುರ ಕಡೆಯ ನೆಂಟರ ಗ್ರೂಪಲ್ಲಿ ಕಾಡಾನೆ ಬಂದ್ರೆ ಯಾರೂ ಬಾರ್ಡರ್ ಹಾಕಿ ಡಿಸೈನ್ ಮಾಡಲ್ಲ. "ಆನೆ ಮೂರುಂಟು, ಸ್ಕೂಲ್ ಹಿಂದಿನ ತೋಟದಲ್ಲಿ, ಆ ಕಡೆ ಯಾರೂ ಬರ್ಬೇಡಿ" ಅಂತ ಟೈಪ್ ಮಾಡ್ತಾರೆ, ಇಲ್ಲಾಂದ್ರೆ ಓಡ್ತಾ ಓಡ್ತಾ ವಾಯ್ಸ್ ಹಾಕ್ತಾರೆ. ಎಲ್ಲರಿಗೂ ಈಗಲೇ ಮುಟ್ಟಬೇಕು ಅಂತ ಮನಸ್ಸಿಗೆ ಬಂದಾಗ ಕೈ ತಾನಾಗೇ ಸರಿಯಾದ್ದನ್ನ ಮಾಡುತ್ತೆ. ಸಾವಿನ ಸುದ್ದಿ ಹಾಕುವಾಗ ಗೌರವ ಬರಲಿ ಅಂತ ಫೋಟೋ ಮಾಡ್ತಾರೆ, ನನಗೆ ಅದು ಅರ್ಥ ಆಗುತ್ತೆ, ಸತ್ತವರ ಮುಖ ಎಲ್ಲರೂ ನೋಡಲಿ ಅನ್ನೋದು ಮನೆಯವರ ಆಸೆ. ಅದನ್ನ ಬಿಡಿ ಅಂತ ನಾನು ಯಾವತ್ತೂ ಹೇಳಲ್ಲ. ಕಳಿಸೋ ಮೊದಲು ಫೋಟೋದ ಕೆಳಗೆ ಬರೆಯೋಕೆ ಒಂದು ಜಾಗ ಬರುತ್ತಲ್ಲ, ಅಲ್ಲಿ ಎರಡು ಸಾಲು ಹಾಕಿ ಅಂತಷ್ಟೇ ಕೇಳ್ತಿದೀನಿ. ಪೊರೆ ಬಂದ ಅಜ್ಜಂದಿರಿಗೂ ಆ ಬಳ್ಳಿ ಸುತ್ತಿದ ಅಕ್ಷರ ಕಾಣಲ್ಲ, ತೋಟದ ಕೆಲಸಗಾರರ ಲೈನ್ ಮನೆಯಲ್ಲಿರೋ, ಕನ್ನಡ ಮಾತಾಡೋಕೆ ಬಂದು ಓದೋಕೆ ಬಾರದವರಿಗೂ ಟೈಪ್ ಮಾಡಿದ್ದನ್ನ ಫೋನೇ ಓದಿ ಹೇಳುತ್ತೆ.

"ನಾನೇ ಫೋನ್ ಮಾಡಿ ಹೇಳ್ತೀನಿ ಸರ್"

ಕಂಡಕ್ಟರ್ ಹೋದಮೇಲೆ ನಾನು ಗ್ರೂಪಲ್ಲಿ ಇದನ್ನ ಬರೆದೆ. ಬಹಳ ಜನ ಒಳ್ಳೇ ಮನಸ್ಸಿಂದ ಉತ್ತರ ಕೊಟ್ರು, ಅದರಲ್ಲಿ ಹೆಚ್ಚಿನವರು ಹೇಳಿದ್ದು ಇದೇ, "ಇನ್ಮೇಲೆ ನಿಮಗೆ ನಾನೇ ಫೋನ್ ಮಾಡಿ ಹೇಳ್ತೀನಿ ಸರ್, ತಲೆಬಿಸಿ ಮಾಡ್ಕೋಬೇಡಿ." ಒಬ್ಬೊಬ್ಬರಿಗೂ ಥ್ಯಾಂಕ್ಸ್ ಹೇಳಿದೆ, ಮನಸ್ಸಿಂದಲೇ. ಆದ್ರೂ ಅದು ಬೇಡ ಅಂತಲೇ ಹೇಳಿದೆ, ಯಾಕೆ ಅಂತ ಬಿಡಿಸಿ ಹೇಳೋಕೆ ಆಗ ಗ್ರೂಪಲ್ಲಿ ಆಗ್ಲಿಲ್ಲ, ಇಲ್ಲಿ ಹೇಳ್ತೀನಿ.

ಫೋನ್ ಮಾಡಿ ಹೇಳೋದು ಅಂದ್ರೆ ಯಾವ ಸುದ್ದಿ ನನಗೆ ಬೇಕು ಯಾವುದು ಬೇಡ ಅಂತ ಇನ್ನೊಬ್ಬರು ತೀರ್ಮಾನ ಮಾಡೋದು. ಸಾವು ಹೇಳ್ತಾರೆ. ವಾಲಗ ಇರೋ ಮದುವೆ ಹೇಳ್ತಾರೆ. ಕೊಡವ ಕುಟುಂಬಗಳ ಹಾಕಿ ಟೂರ್ನಮೆಂಟಲ್ಲಿ ನಿನ್ನೆ ಯಾರು ಗೆದ್ರು, ಗೋಣಿಕೊಪ್ಪದಲ್ಲಿ ಕರಿಮೆಣಸಿನ ರೇಟ್ ಎಷ್ಟಾಯ್ತು, ನಾಳೆ ಕರೆಂಟ್ ಯಾವ ಫೀಡರಲ್ಲಿ ತೆಗೀತಾರೆ, ಪಂಚಾಯ್ತಿ ಗ್ರಾಮಸಭೆ ಯಾವಾಗ, ಯಾರ ಮನೆ ಹಸು ತಪ್ಪಿಸ್ಕೊಂಡಿದೆ, ಇವನ್ನ ಯಾರು ಫೋನ್ ಮಾಡಿ ಹೇಳ್ತಾರೆ? ಊರಲ್ಲಿ ಇರೋದು ಅಂದ್ರೆ ಇಂಥ ನೂರು ಬೇಡದ ಸುದ್ದಿಗಳ ನಡುವೆ ಇರೋದು. ಗ್ರಾಮಸಭೆಗೆ ನಾನು ಹೋಗದೆ ಇರಬಹುದು, ಆದ್ರೆ ಹೋಗಲ್ಲ ಅಂತ ನಾನೇ ತೀರ್ಮಾನ ಮಾಡಬೇಕು. ಇನ್ನೊಂದು, ಪ್ರತಿ ಸಲ ಫೋನ್ ಮಾಡಿದವರಿಗೆ ನಾನು ಉಪಕಾರ ಹೊರಬೇಕಾಗುತ್ತೆ. ಅವರು ಲೆಕ್ಕ ಇಡಲ್ಲ, ನಾನು ಇಡ್ತೀನಿ. ಟೈಪ್ ಮಾಡಿದ ಎರಡು ಸಾಲಿಗೆ ಆ ಭಾರ ಇಲ್ಲ, ಅದು ಎಲ್ಲರಿಗೂ ಹಾಕಿದ್ದು, ಆ ಎಲ್ಲರಲ್ಲಿ ನಾನೂ ಒಬ್ಬ. ಆ ಕಂಡಕ್ಟರ್ ಸ್ಟಾಪಿನ ಹೆಸರು ಕೂಗ್ತಿದ್ದದ್ದೂ ಹಾಗೇ ತಾನೇ.

ಬದಲಾವಣೆ ಸ್ವಲ್ಪ ಸ್ವಲ್ಪ ಆಗ್ತಿದೆ. ಗ್ರೂಪಲ್ಲಿ ಕೆಲವರು ಈಗ ಫೋಟೋ ಕೆಳಗೆ ಬರೀತಾರೆ, ಕೆಲವರು ಮರೀತಾರೆ, ಮರೆತವರಿಗೆ ಬೇರೆ ಯಾರೋ "ಎರಡು ಸಾಲು ಹಾಕಿ ಮಾರಾಯ್ರೇ" ಅಂತ ಕೇಳ್ತಾರೆ, ನಾನು ಕೇಳೋ ಮೊದಲೇ. ಅದು ನನಗೆ ಬಹಳ ದೊಡ್ಡ ವಿಷಯ. ಏನು ಬರೀಬೇಕು ಅಂತ ಕೇಳಿದವರಿಗೆ ನಾನು ಹೇಳೋದು: ತೀರಿಹೋದವರ ಹೆಸರು, ಮನೆ ಹೆಸರು, ಯಾವ ಊರು, ಎಷ್ಟು ಹೊತ್ತಿಗೆ ಎಲ್ಲಿ ಮಣ್ಣು, ಅಷ್ಟು ಸಾಕು. ಬರೆಯುವಾಗ ಕನ್ನಡದಲ್ಲೇ ಬರೆದ್ರೆ ಒಳ್ಳೇದು.

ನಮ್ಮ ದೇವಸ್ಥಾನ ಕಮಿಟಿಯ ಸೆಕ್ರೆಟರಿ ಒಬ್ಬರಿದಾರೆ, ವಯಸ್ಸಾದವರು, ನನಗೆ ದೂರದಲ್ಲಿ ಮಾವ ಆಗಬೇಕು. ಅವರಿಗೆ ಟೈಪಿಂಗ್ ಬರಲ್ಲ, ಬೆರಳು ನಡುಗುತ್ತೆ, ಅದಕ್ಕೇ ಎಲ್ಲಾ ನೋಟಿಸನ್ನೂ ಬಿಳಿ ಹಾಳೆಯಲ್ಲಿ ಬರೆದು ಫೋಟೋ ಹೊಡೆದು ಹಾಕೋರು. ನಾನು ಅವರ ಮನೆಗೆ ಹೋಗಿ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದ್ರೆ ಅದೇ ಬರೆದುಕೊಳ್ಳುತ್ತೆ ಅಂತ ತೋರಿಸ್ದೆ. "ಹೌದಾ, ಇದು ನಂಗೆ ಯಾರೂ ಹೇಳ್ಲೇ ಇಲ್ಲ" ಅಂದ್ರು, ಅವತ್ತು ಕಾಫಿ ತಣ್ಣಗಾಗೋವರೆಗೂ ಅದಕ್ಕೆ ಏನೇನೋ ಹೇಳಿ ಹೇಳಿ ನೋಡಿದ್ರು. ಅರೆಭಾಷೆಯಲ್ಲಿ ಹೇಳಿದ್ರೆ ಕಲಸಿಬಿಡುತ್ತೆ, ಪೇಪರಿನ ಕನ್ನಡದಲ್ಲೇ ಹೇಳಬೇಕು. ಕೊಡವರ ಭಾಷೆ ಕೊಡವ ತಕ್ಕಿನ ಮಾತಂತೂ ಅದಕ್ಕೆ ಆಗೋದೇ ಇಲ್ಲ, ಅದರ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲೇ ಬೇರೆ ಗುರುತಿಲ್ಲ, ನಮ್ಮ ಭಾಷೆಗಳಿಗೆ ಯಾರಾದ್ರೂ ಒಂದು ದನಿ ಮಾಡಿಕೊಡಬೇಕು ಅನ್ನೋದು ನನ್ನ ಆಸೆ, ಅದರ ಬಗ್ಗೆ ಇನ್ನೊಂದು ಸಲ ಬರೀತೀನಿ. ಈಗ ಮಾವ ಪುತ್ತರಿ ಹಬ್ಬದ ನೋಟಿಸ್, ಶ್ರಮದಾನದ ನೋಟಿಸ್ ಎಲ್ಲ ಬಾಯಲ್ಲಿ ಹೇಳಿ ಹಾಕ್ತಾರೆ. ಮನೆ ಹೆಸರುಗಳನ್ನ ಫೋನು ಇನ್ನೂ ತಪ್ಪು ತಪ್ಪಾಗಿ ಬರೆಯುತ್ತೆ, ಹಾಗಾಗಿ ಪ್ರತಿ ಮೆಸೇಜಿನ ಕೊನೆಗೆ ಅನುಮಾನ ಇದ್ರೆ ನನಗೆ ಫೋನ್ ಮಾಡಿ ಅಂತ ಸೇರಿಸಿ ನಂಬರ್ ಹೇಳ್ತಾರೆ. ನಾನು ಮಾಡ್ತೀನಿ, ಬೇರೆಯವರೂ ಮಾಡ್ತಾರೆ.